ಮಳೆಗಾಲದ ಮುಂಬೈ ಮತ್ತು ಮೂರು ದಿನದ ಕುಡಿಯುವ ನೀರು

ಜುಲೈ ತಿಂಗಳಲ್ಲಿ ಮುಂಬೈಯಲ್ಲಿ ಕುಡಿಯಲು ನೀರಿಲ್ಲ ಅಂದರೆ ಊರಿನವರು ನಂಬುವುದಿಲ್ಲ. ಟಿವಿಯಲ್ಲಿ ನೋಡಿದರೆ ರೈಲು ಹಳಿಯ ಮೇಲೆ ನೀರು, ಹಿಂದ್‌ಮಾತಾದಲ್ಲಿ ನೀರು, ಕುರ್ಲಾದಲ್ಲಿ ನೀರು. ನಲ್ಲಿಯಲ್ಲಿ ಮಾತ್ರ ಇಲ್ವಾ ಅಂತ ಕೇಳುತ್ತಾರೆ. ಹೌದು, ಹಾಗೂ ಆಗುತ್ತದೆ. 2021ರ ಜುಲೈ 18ರಂದು ಭಾಂಡುಪ್‌ನ ನೀರು ಶುದ್ಧೀಕರಣ ಕೇಂದ್ರದೊಳಗೇ ಮಳೆನೀರು ನುಗ್ಗಿತು. ಯಂತ್ರಗಳನ್ನು ನಿಲ್ಲಿಸಬೇಕಾಯಿತು. ನಗರದ ಬಹುಭಾಗಕ್ಕೆ ನೀರು ಬರಲಿಲ್ಲ. ಬಂದ ಮೇಲೂ ಕುದಿಸಿಯೇ ಕುಡಿಯಿರಿ ಎಂದು ಪಾಲಿಕೆ ಹೇಳಿತು. ನಾವಿರುವುದು ಪಕ್ಕದ ಮುಲುಂಡ್‌ನಲ್ಲಿ. ಶುದ್ಧೀಕರಣ ಕೇಂದ್ರ ಹತ್ತಿರ ಇದೆ ಅಂದ ಮಾತ್ರಕ್ಕೆ ನಮಗೇನೂ ರಿಯಾಯಿತಿ ಸಿಗುವುದಿಲ್ಲ.

ಪುಣೆಯಲ್ಲಿ ಇದಕ್ಕಿಂತ ದೊಡ್ಡದು ಆಗಿತ್ತು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಆ ರಭಸಕ್ಕೆ ಕೆಳಗಿನ ಖಡಕ್‌ವಾಸ್ಲಾ ಕಟ್ಟೆಯೂ ಹೋಯಿತು. ಪುಣೆಯನ್ನು ಮುಳುಗಿಸಿದ್ದು ಮತ್ತು ಪುಣೆಗೆ ಕುಡಿಯುವ ನೀರು ಕೊಡುತ್ತಿದ್ದದ್ದು ಒಂದೇ ಖಡಕ್‌ವಾಸ್ಲಾ. ಪ್ರವಾಹ ಇಳಿದ ಮೇಲೆ ಕುಡಿಯುವ ನೀರಿನ ಮೂಲವೇ ಇಲ್ಲ! ಗೋವಾದಲ್ಲಿ 2019ರ ಆಗಸ್ಟ್‌ನಲ್ಲಿ ಖಾಂಡೇಪಾರ್ ಬಳಿ ಓಪಾ ಕುಡಿಯುವ ನೀರಿನ ಯೋಜನೆಯ ಪೈಪು ಒಡೆದು, ಪಣಜಿ ಕಡೆಯವರು ಕೆಲವು ದಿನ ಟ್ಯಾಂಕರ್ ಹಿಂದೆ ಓಡಿದರು. ಅದೂ ಭರ್ತಿ ಮಳೆಗಾಲದಲ್ಲಿ.

ಎಮರ್ಜೆನ್ಸಿ ಕಿಟ್ ಅಂದ ಕೂಡಲೇ ನಾವು ಟಾರ್ಚು, ಪವರ್ ಬ್ಯಾಂಕ್, ಔಷಧಿ, ಆಧಾರ್ ಕಾರ್ಡಿನ ಜೆರಾಕ್ಸ್ ಎಲ್ಲ ಜೋಡಿಸುತ್ತೇವೆ. ನೀರಿನ ಸರದಿ ಬಂದಾಗ ಎರಡು ಬಿಸ್ಲೆರಿ ಬಾಟಲಿ ಇಟ್ಟು ಮುಗಿಸುತ್ತೇವೆ. ನೀರಿಗೇನು, ಟ್ಯಾಂಕಿಯಲ್ಲಿ ಇದೆಯಲ್ಲ ಅನ್ನುವ ಧೈರ್ಯ. ಮೊದಲು ನೋಡಬೇಕಾದದ್ದು ಈ ಧೈರ್ಯವನ್ನೇ.

ಮುಂಬೈಗೆ ನೀರು ಕೊಡುವ ಕೆರೆಗಳು ಏಳು. ತುಳಸಿ ಮತ್ತು ವಿಹಾರ್ ನಗರದೊಳಗಿವೆ, ಆದರೆ ಚಿಕ್ಕವು. ಭಾತ್ಸಾ, ತಾನ್ಸಾ, ಮೋಡಕ್ ಸಾಗರ, ಮಧ್ಯ ವೈತರಣಾ, ಮೇಲಿನ ವೈತರಣಾ ದೂರದವು. ಅಲ್ಲಿಂದ ಹೊರಟ ನೀರು ಶುದ್ಧೀಕರಣ ಕೇಂದ್ರ, ಬೆಟ್ಟದ ಮೇಲಿನ ಜಲಾಶಯ, ಬೀದಿಯ ಪೈಪು ದಾಟಿ ನಮ್ಮ ಸೊಸೈಟಿಯ, ಅಂದರೆ ಅಪಾರ್ಟ್‌ಮೆಂಟಿನ, ನೆಲದಡಿಯ ಟ್ಯಾಂಕಿಗೆ ಬೀಳುತ್ತದೆ. ಅದೂ ದಿನಕ್ಕೆ ಕೆಲವೇ ಗಂಟೆ. ಅಲ್ಲಿಂದ ಪಂಪ್ ಅದನ್ನು ಟೆರೇಸಿನ ಟ್ಯಾಂಕಿಗೆ ಏರಿಸುತ್ತದೆ. ಟೆರೇಸಿನಿಂದ ಅದು ತಾನಾಗಿ ನಮ್ಮ ಅಡುಗೆಮನೆಗೆ ಇಳಿಯುತ್ತದೆ.

ಅಂದರೆ ಎಲ್ಲವೂ ನಿಂತಿರುವುದು ಕರೆಂಟಿನ ಮೇಲೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ಮುಂಬೈಯಲ್ಲಿ ಕರೆಂಟ್ ಹೋದಾಗ ಮಳೆಯೂ ಇರಲಿಲ್ಲ, ಪ್ರವಾಹವೂ ಇರಲಿಲ್ಲ. ಕೆಳಗಿನ ಟ್ಯಾಂಕಿ ತುಂಬಿದ್ದರೂ ಪಂಪ್ ಓಡದಿದ್ದರೆ ಏಳನೇ ಮಹಡಿಗೆ ಏನು ಪ್ರಯೋಜನ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಉಪನಗರದ ಎಷ್ಟೋ ಕಡೆ ಕರೆಂಟ್ ಬರಲು ದಿನಗಳೇ ಹಿಡಿದವು. ಟೆರೇಸಿನ ಟ್ಯಾಂಕಿಯಲ್ಲಿ ಇದ್ದಷ್ಟೇ ನೀರು. ಅದನ್ನು ಇಡೀ ಬಿಲ್ಡಿಂಗ್ ಫ್ಲಶ್‌ಗೂ ಬಳಸುತ್ತದೆ. ಅಷ್ಟು ಜನ ಒಟ್ಟಿಗೆ ನಲ್ಲಿ ತಿರುಗಿಸಿದರೆ ಅದು ಎಷ್ಟು ಹೊತ್ತು ಬಂದೀತು? 2025ರ ಏಪ್ರಿಲ್‌ನಲ್ಲಿ ಟ್ಯಾಂಕರಿನವರು ಮುಷ್ಕರ ಹೂಡಿದಾಗ, ಟ್ಯಾಂಕರ್ ನಂಬಿದ ದೊಡ್ಡ ದೊಡ್ಡ ಕಾಂಪ್ಲೆಕ್ಸುಗಳೂ ಒದ್ದಾಡಿದವು. ಹಾಗಾಗಿ ಸೊಸೈಟಿಯ ಟ್ಯಾಂಕಿಯನ್ನು ನಿಮ್ಮ ದಾಸ್ತಾನು ಅಂತ ಲೆಕ್ಕ ಹಿಡಿಯಬೇಡಿ.

ಎಷ್ಟು ಬೇಕು? ವಿಪತ್ತು ನಿರ್ವಹಣೆಯವರು ಸಾಮಾನ್ಯವಾಗಿ ಹೇಳುವ ಲೆಕ್ಕ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್. ಅರ್ಧ ಕುಡಿಯಲು, ಉಳಿದದ್ದು ಅಡುಗೆಗೆ, ಬಾಯಿ ಮುಕ್ಕಳಿಸಲು, ಕೈ ತೊಳೆಯಲು. ಸ್ನಾನ, ಬಟ್ಟೆ, ಪಾತ್ರೆ ಇದರಲ್ಲಿ ಸೇರಿಲ್ಲ. ಕನಿಷ್ಠ ಮೂರು ದಿನಕ್ಕಾಗುವಷ್ಟು ಇರಬೇಕು. ನಾಲ್ಕು ಜನರ ಮನೆಗೆ 48 ಲೀಟರ್. ಎರಡು ವಾರಕ್ಕೆ ಇಟ್ಟರೆ ಇನ್ನೂ ಒಳ್ಳೆಯದು ಅನ್ನುತ್ತಾರೆ. ಅದು 224 ಲೀಟರ್ ಆಗುತ್ತದೆ. ಒನ್ ರೂಮ್ ಕಿಚನ್‌ನಲ್ಲಿ ಅಷ್ಟು ನೀರಿಟ್ಟರೆ ಜನ ಎಲ್ಲಿ ಮಲಗುವುದು? ಸಲಹೆ ಕೊಟ್ಟವರು ಚಾಳಿನ (ಮುಂಬೈ ವಠಾರದ) ಕೋಣೆ ನೋಡಿದಂತಿಲ್ಲ. ಮೂರು ದಿನದ್ದನ್ನು ಸರಿಯಾಗಿ ಇಡಿ, ಸಾಕು. ಬಾಣಂತಿ, ಕಾಯಿಲೆಯವರು, ಹಾಲಿನ ಪುಡಿ ಕುಡಿಯುವ ಮಗು ಇದ್ದರೆ ಸ್ವಲ್ಪ ಜಾಸ್ತಿ ಇಡಿ. ಮನೆಯಲ್ಲಿರುವ ಓಆರ್‌ಎಸ್ ಪೊಟ್ಟಣಕ್ಕೂ ಲೆಕ್ಕ ಹಾಕಿ. ದೊಡ್ಡ ಪೊಟ್ಟಣ ಒಂದಕ್ಕೆ ಪೂರ್ತಿ ಒಂದು ಲೀಟರ್ ಬೇಕು.

ಒಂದು ಲೀಟರ್ ನೀರು ಅಂದರೆ ಒಂದು ಕಿಲೋ ಅನ್ನುವುದೂ ನೆನಪಿರಲಿ. 48 ಕಿಲೋವನ್ನು ಬಾತ್‌ರೂಮ್ ಮೇಲಿನ ಮಾಳಿಗೆಗೆ ಹತ್ತಿಸುವುದು ಬೇಡ. ನೆಲದಲ್ಲಿ, ಮಂಚದ ಕೆಳಗೆ, ಅಡುಗೆಕಟ್ಟೆಯ ಅಡಿ ಜಾಗ ಮಾಡಿ. ಎಲ್ಲವನ್ನೂ ಒಂದೇ ದೊಡ್ಡ ಪಾತ್ರೆಯಲ್ಲಿ ಇಡಬೇಡಿ. ಒಂದು 20 ಲೀಟರಿನ ಜಾರ್, ನಾಲ್ಕೈದು 5 ಲೀಟರಿನ ಕ್ಯಾನ್, ಉಳಿದದ್ದು ಒಂದು ಲೀಟರಿನ ಬಾಟಲಿ. ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ. ಮನೆ ಬಿಟ್ಟು ಹೊರಡಬೇಕಾದರೆ ಬಾಟಲಿಗಳು ಚೀಲಕ್ಕೆ ಹೋಗುತ್ತವೆ. ಚರ್ಚ್‌ಗೇಟ್, ಅಂಧೇರಿ ಕಡೆ ಕೆಲಸಕ್ಕೆ ಹೋಗುವವರು ಆಫೀಸಿನ ಡ್ರಾಯರಿನಲ್ಲೂ ಒಂದು ಬಾಟಲಿ ಇಡಲಿ. ಲೋಕಲ್ ರೈಲು ನಿಂತರೆ ಮನೆಯ ದಾಸ್ತಾನು ನಿಮಗೆ ಸಿಗುವುದಿಲ್ಲ. ತಿನ್ನುವುದಕ್ಕೂ ನೀರು ಕಡಿಮೆ ಕುಡಿಯುವಂಥದ್ದೇ ಇರಲಿ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಇದ್ದರೆ ಅನ್ನ ಬೇಯಿಸುವ, ಕುಕ್ಕರ್ ತೊಳೆಯುವ ನೀರು ಉಳಿಯುತ್ತದೆ.

ಈಗ ಮುಖ್ಯ ವಿಷಯ. ನೀರು ಹಾಲಿನ ಹಾಗೆ ತಾನಾಗಿ ಕೆಡುವುದಿಲ್ಲ. ಅದನ್ನು ಕೆಡಿಸುವುದು ನಮ್ಮ ಕೈ, ನಮ್ಮ ಲೋಟ, ನಾವು ಆರಿಸಿದ ಪಾತ್ರೆ. ನಲ್ಲಿಯಿಂದ ಒಳ್ಳೆಯ ನೀರೇ ಬಂದಿರುತ್ತದೆ. ಅಗಲ ಬಾಯಿಯ ಡ್ರಮ್ಮಿಗೆ ತುಂಬಿ, ದಿನವೂ ಅದರೊಳಗೆ ಚೊಂಬು ಮುಳುಗಿಸುತ್ತೇವೆ. ಚೊಂಬಿನ ಜೊತೆ ಬೆರಳೂ ಮುಳುಗುತ್ತದೆ. ಹೊಟ್ಟೆಗೆ ಹೋಗುವ ರೋಗಾಣು ಎಷ್ಟೋ ಸಲ ಈ ದಾರಿಯಲ್ಲೇ ಬರುತ್ತದೆ. 1980ರ ದಶಕದಲ್ಲಿ ಕಲ್ಕತ್ತಾದ ಕೊಳೆಗೇರಿಗಳಲ್ಲಿ ಕಾಲರಾ ಬಗ್ಗೆ ಒಂದು ಅಧ್ಯಯನ ನಡೆಯಿತು. ಕಾಲರಾ ಬಂದ ಮನೆಗಳಲ್ಲಿ ಕೆಲವಕ್ಕೆ ಕಿರಿದಾದ ಕತ್ತಿನ ಮಣ್ಣಿನ ಹೂಜಿ ಕೊಟ್ಟರು, ಅಷ್ಟೆ. ಆ ಮನೆಗಳಲ್ಲಿ ರೋಗ ಉಳಿದವರಿಗೆ ಹರಡುವುದು ಚೆನ್ನಾಗಿಯೇ ಕಡಿಮೆಯಾಯಿತು. ಅದರ ಕತ್ತಿನೊಳಗೆ ಕೈ ಹೋಗುವುದಿಲ್ಲ. ಬಗ್ಗಿಸಿಯೇ ಸುರಿಯಬೇಕು. ಗುಟ್ಟು ಅಷ್ಟೇ.

ಹಾಗಾಗಿ ಕೈ ಹೋಗದ ಬಾಯಿ, ಬಿಗಿಯಾದ ತಿರುಪು ಮುಚ್ಚಳ, ಸಾಧ್ಯವಾದರೆ ಅಡಿಯಲ್ಲೊಂದು ನಲ್ಲಿ ಇರುವ ಪಾತ್ರೆ ನೋಡಿ. ಪ್ಲಾಸ್ಟಿಕ್ ಆದರೆ ಆಹಾರಕ್ಕೆಂದೇ ಮಾಡಿದ್ದಾಗಿರಲಿ. ತಳದಲ್ಲಿ ತ್ರಿಕೋನದೊಳಗೆ 1, 2 ಅಥವಾ 5 ಅಂತ ಇರುವಂಥವು ಸಾಮಾನ್ಯವಾಗಿ ಆಹಾರ, ನೀರಿಗೆ ಬಳಕೆಯಾಗುತ್ತವೆ. ಆದರೆ ಸಂಖ್ಯೆ ಒಂದೇ ಸಾಲದು, ಅದರಲ್ಲಿ ಮೊದಲು ಏನಿತ್ತು ಅನ್ನುವುದೂ ಮುಖ್ಯ. ಪೇಂಟಿನ ಡಬ್ಬ, ಫಿನಾಯಿಲ್ ಕ್ಯಾನ್, ಕೆಮಿಕಲ್ ಬಂದ ನೀಲಿ ಡ್ರಮ್ ಎಷ್ಟು ತೊಳೆದರೂ ಕುಡಿಯುವ ನೀರಿಗೆ ಆಗದು. ಅಗ್ಗಕ್ಕೆ ಸಿಗುತ್ತದೆ ಅಂತ ಹಳೆ ಡ್ರಮ್ ಮಾರುವವನ ಹತ್ತಿರ ಹೋಗಲೇಬೇಡಿ. ಹಾಲಿನ, ಜ್ಯೂಸಿನ ಬಾಟಲಿಯೂ ಬೇಡ. ಅದರ ಜಿಡ್ಡು ಪೂರ್ತಿ ಹೋಗುವುದೇ ಇಲ್ಲ. ಸ್ಟೀಲಿನ ಮುಚ್ಚಳದ ಡಬ್ಬ ಇದ್ದರೆ ಅದೂ ಒಳ್ಳೆಯದೇ.

ತಾಮ್ರದ ಕೊಡದ ವಿಷಯ ಎಲ್ಲರೂ ಕೇಳುತ್ತಾರೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಸತ್ತಿದ್ದವು. ಅಜ್ಜಿ ರಾತ್ರಿ ತುಂಬಿಟ್ಟು ಬೆಳಿಗ್ಗೆ ಕುಡಿಯುತ್ತಿದ್ದದ್ದು ಸುಮ್ನೆ ಅಲ್ಲ. ಆದರೆ ಅದು ರಾತ್ರಿಯಿಂದ ಬೆಳಿಗ್ಗೆಯವರೆಗಿನ ಮಾತು. ತಿಂಗಳುಗಟ್ಟಲೆ ಇಟ್ಟರೆ ತಾಮ್ರ ನೀರಿಗೆ ಇಳಿಯುತ್ತಾ ಹೋಗುತ್ತದೆ. ದಾಸ್ತಾನಿಗೆ ತಾಮ್ರ ಬೇಡ.

ಪಾತ್ರೆಯನ್ನು ಸೋಪು ಹಾಕಿ ತೊಳೆದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸುವಾಸನೆ ಇಲ್ಲದ ಬ್ಲೀಚ್ ಬೆರೆಸಿ, ಒಳಗೆಲ್ಲ ಮುಟ್ಟುವಂತೆ ಕುಲುಕಿ, ಅರ್ಧ ನಿಮಿಷ ಬಿಟ್ಟು ಚೆಲ್ಲಿ. ಆಮೇಲೆ ಒಳ್ಳೆಯ ನೀರಿನಿಂದ ಒಮ್ಮೆ ತೊಳೆಯಿರಿ. ಮುಚ್ಚಳವನ್ನು ಮರೆಯಬೇಡಿ, ಹೆಚ್ಚಿನವರು ಮರೆಯುವುದು ಅದನ್ನೇ.

ಇನ್ನು ಯಾವ ನೀರು ತುಂಬುವುದು? ದಿನಕ್ಕೆ ಕೆಲವೇ ಗಂಟೆ ನೀರು ಬರುವ ಊರಿನಲ್ಲಿ, ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಆಗ ಬಿರುಕುಗಳಿಂದ ಹೊರಗಿನ ಕೊಳೆನೀರು ಒಳಕ್ಕೆ ಸೇರಬಹುದು. ಇದನ್ನು ಚೆನ್ನಾಗಿ ಅಳೆದು ನೋಡಿದ್ದು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲೇ. ಅಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು, ಉಳಿದವಕ್ಕೆ ಬಿಟ್ಟು ಬಿಟ್ಟು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನೀರನ್ನು ಹೋಲಿಸಿದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಾಲಿನ್ಯದ ಗುರುತು ಹೆಚ್ಚು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ನೀರು ಬಿಟ್ಟ ಮೊದಲ ನಿಮಿಷಗಳಲ್ಲಿ ಅದು ಎದ್ದು ಕಾಣುತ್ತಿತ್ತು. ಹಾಗಾಗಿ ಪಾಲಿಕೆಯ ನೀರು ಬಂದ ಕೂಡಲೇ ಕ್ಯಾನ್ ಹಿಡಿಯಬೇಡಿ. ಮೊದಲು ಬಂದದ್ದನ್ನು ಬಾಲ್ದಿಗೆ ಹಿಡಿದು ನೆಲ ಒರೆಸಲು ಇಡಿ. ನೀರು ತಿಳಿಯಾಗಿ, ಜೋರಾಗಿ ಬರಲು ಶುರುವಾದ ಮೇಲೆ ತುಂಬಿ. ಟೆರೇಸಿನ ಟ್ಯಾಂಕಿ ಹಾದು ಬಂದದ್ದಕ್ಕಿಂತ ಪಾಲಿಕೆಯ ನೇರ ನಲ್ಲಿಯ ನೀರು ಮೇಲು. ಎಷ್ಟೋ ಬಿಲ್ಡಿಂಗುಗಳಲ್ಲಿ ಕೆಳಗೆ ಅಂಥ ಒಂದು ನಲ್ಲಿ ಇರುತ್ತದೆ. ವಾಚ್‌ಮನ್‌ನ ಕೇಳಿದರೆ ತೋರಿಸುತ್ತಾನೆ.

ಆರ್‌ಒ ಇದ್ದವರು ಇಲ್ಲಿ ಎಡವುತ್ತಾರೆ. ಆರ್‌ಒ ನೀರು ಎಲ್ಲಕ್ಕಿಂತ ಶುದ್ಧ, ಅದನ್ನೇ ತಿಂಗಳುಗಟ್ಟಲೆ ಇಡೋಣ ಅನ್ನುತ್ತಾರೆ. ಪಾಲಿಕೆಯ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಉಳಿಸಿರುತ್ತಾರೆ. ಮನೆಯ ನಲ್ಲಿಗೆ ಬರುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎನ್ನುತ್ತದೆ ನಮ್ಮ ಭಾರತೀಯ ಮಾನಕ. ದಾರಿಯಲ್ಲಿ, ಪಾತ್ರೆಯಲ್ಲಿ ಏನಾದರೂ ಸೇರಿದರೆ ಅದನ್ನು ಕೊಲ್ಲುವ ಕಾವಲು ಅದು. ಆರ್‌ಒ ಯಂತ್ರದ ಇದ್ದಲು ಮೊದಲು ತೆಗೆಯುವುದೇ ಆ ಕ್ಲೋರಿನ್ನನ್ನು. ಹೊರಬಂದ ನೀರು ಆ ಕ್ಷಣಕ್ಕೆ ಶುದ್ಧ, ಆದರೆ ಕಾವಲಿಲ್ಲ. ಕುದಿಸಿ ಆರಿಸಿದ ನೀರಿನದ್ದೂ ಇದೇ ಕಥೆ. ಇವತ್ತು ನಾಳೆ ಕುಡಿಯಲು ಎರಡೂ ಚೆನ್ನ. ತುಂಬಿಡಲು ಮಾತ್ರ ಕ್ಲೋರಿನ್ ವಾಸನೆ ಬರುವ ನಲ್ಲಿ ನೀರೇ ವಾಸಿ. ಬೇಕಾದರೆ ಕುಡಿಯುವ ಹೊತ್ತಿಗೆ ಕುದಿಸಿಕೊಳ್ಳಿ. ಮತ್ತೆ, ಕರೆಂಟ್ ಹೋದ ದಿನ ಆರ್‌ಒ, ಯುವಿ ಎರಡೂ ಗೋಡೆಯ ಮೇಲಿನ ಅಲಂಕಾರ. ಹಳೆಯ ಕ್ಯಾಂಡಲ್ ಫಿಲ್ಟರನ್ನು ಭಂಗಾರ್‌ವಾಲಾನಿಗೆ (ಗುಜರಿಯವನಿಗೆ) ಕೊಡಬೇಡಿ. ಅದು ವೈರಸ್ಸನ್ನು ತಡೆಯುವುದಿಲ್ಲ, ಆದರೆ ಕರೆಂಟನ್ನು ಕೇಳುವುದೂ ಇಲ್ಲ.

ದುಡ್ಡು ಕೊಡಲು ಆಗುವವರಿಗೆ ಸೀಲ್ ಒಡೆಯದ ಬಾಟಲಿಯೇ ಸುಲಭ. ಮೇಲಿನ ತಾರೀಖು ನೋಡಿ ಇಟ್ಟರೆ ಆಯ್ತು. ಆದರೆ ದಿನಾ ಮನೆಗೆ ಬರುವ, ಹೆಸರಿಲ್ಲದ, ಸೀಲಿಲ್ಲದ ಜಾರಿನ ನೀರು ದಾಸ್ತಾನಿಗೆ ಬೇಡ. ಅದನ್ನು ಎಲ್ಲಿ, ಯಾವಾಗ ತುಂಬಿದರೋ ಯಾರಿಗೆ ಗೊತ್ತು.

ತುಂಬಿದ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆಯಿರಿ. ಮನೆಯಲ್ಲೇ ತುಂಬಿದ್ದನ್ನು ಆರು ತಿಂಗಳಿಗೊಮ್ಮೆ ಬದಲಿಸಿ ಅನ್ನುವುದು ಸಾಮಾನ್ಯ ಸಲಹೆ. ನಮ್ಮ ಸೆಕೆಗೆ ಕ್ಲೋರಿನ್ ಬೇಗ ಹಾರುತ್ತದೆ. ಮೇ ಕೊನೆಯಲ್ಲಿ ತುಂಬಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿದರೆ ನಷ್ಟವೇನಿಲ್ಲ. ಹಳೆಯದು ಬಟ್ಟೆಗೆ, ಗಿಡಕ್ಕೆ ಹೋಗುತ್ತದೆ. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಇಟ್ಟರೆ ಪಾಚಿ ಕಟ್ಟುತ್ತದೆ. ಸೀಮೆಎಣ್ಣೆ, ನುಸಿಗುಳಿಗೆ, ಫಿನಾಯಿಲ್ ಪಕ್ಕ ಇಟ್ಟರೆ ಪ್ಲಾಸ್ಟಿಕ್ ದಾಟಿ ವಾಸನೆ ಒಳಗೆ ಸೇರುತ್ತದೆ.

ಡ್ರಮ್ಮಿನಲ್ಲಿ ತುಂಬಿಟ್ಟವರು ಡೆಂಗಿಯನ್ನೂ ಸಾಕುತ್ತಿರಬಹುದು. ಡೆಂಗಿ ತರುವ ಈಡಿಸ್ ಸೊಳ್ಳೆ ಗಟಾರ ಬಯಸುವುದಿಲ್ಲ, ಮನೆಯ ತಿಳಿನೀರನ್ನೇ ಹುಡುಕುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಅನ್ನುವುದು. ಖಾಲಿ ಮಾಡಿದರಷ್ಟೇ ಸಾಲದು, ಒಳಗೋಡೆಯನ್ನು ತಿಕ್ಕಬೇಕು. ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿ, ನೀರು ತಾಗಿದ ಕೂಡಲೇ ಮರಿಯಾಗುತ್ತದೆ. ತಿರುಪು ಮುಚ್ಚಳದ ಕ್ಯಾನಿಗೆ ಈ ತಲೆನೋವಿಲ್ಲ. ಬಳಕೆಯ ನೀರಿಗೆ ಡ್ರಮ್ ಬೇಕೇ ಬೇಕು ಅಂದರೆ ಮೇಲೆ ಬಟ್ಟೆ ಬಿಗಿಯಾಗಿ ಕಟ್ಟಿ.

ಇಟ್ಟದ್ದು ಮುಗಿದು, ಹೊರಗಿನ ನೀರನ್ನೇ ಕುಡಿಯಬೇಕಾಗಿ ಬಂದರೆ? ಮೊದಲು ಸೋಸಿ. ಹಳೆಯ ಹತ್ತಿ ಸೀರೆಯನ್ನು ನಾಲ್ಕೈದು ಮಡಿಕೆ ಮಾಡಿ ಸೋಸುವುದು ದಡ್ಡತನವಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಅಷ್ಟರಿಂದಲೇ ಕಾಲರಾ ಸುಮಾರು ಅರ್ಧಕ್ಕೆ ಇಳಿದದ್ದು 2003ರಲ್ಲಿ ವರದಿಯಾಗಿದೆ. ಒಗೆದು ಒಗೆದು ನೂಲು ಸಡಿಲವಾದ ಹಳೆ ಸೀರೆಯೇ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಪಟಿಕ ಹಾಕಿದರೆ ಕೆಸರು ತಳಕ್ಕೆ ಕೂರುತ್ತದೆ. ಆದರೆ ರೋಗಾಣು ಸಾಯುವುದಿಲ್ಲ. ಸೋಸಿದ್ದನ್ನು ಕುದಿಸಿ. ಗುಳ್ಳೆ ಎದ್ದು ತಳಮಳ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಇಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಮುಗಿಸಬೇಡಿ, ಆ ಹೊತ್ತಿನಲ್ಲಿ ಸಿಲಿಂಡರೂ ಸಿಗುವುದಿಲ್ಲ.

ಗ್ಯಾಸಿಲ್ಲದಿದ್ದರೆ ಕ್ಲೋರಿನ್ ಮಾತ್ರೆ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕಿಟ್‌ನಲ್ಲಿ ಒಂದು ಪಟ್ಟಿ ಇರಲಿ. ಒಂದೊಂದರ ಬಲ ಒಂದೊಂದು ಥರ. 20 ಲೀಟರಿನ ಮಾತ್ರೆಯನ್ನು ಒಂದು ಬಾಟಲಿಗೆ ಹಾಕುವ ಹಾಗಿಲ್ಲ. ಪೊಟ್ಟಣದ ಮೇಲೆ ಓದಿ, ಹಾಕಿ, ಅರ್ಧ ಗಂಟೆ ಕಾಯಿರಿ. ಮಾತ್ರೆಗೂ ಕೊನೆಯ ತಾರೀಖು ಇರುತ್ತದೆ. ಬಟ್ಟೆಗೆ ಹಾಕುವ ಬ್ಲೀಚ್ ಕೊನೆಯ ದಾರಿ. ಸುವಾಸನೆ, ಬೇರೆ ಕಲಬೆರಕೆ ಇಲ್ಲದ್ದು, ಶೇ. 5ರಿಂದ 6ರ ಬಲದ್ದಾದರೆ ಲೀಟರಿಗೆ ಎರಡು ಹನಿ. ನೀರು ಕದಡಿದ್ದರೆ ನಾಲ್ಕು. ಬಾಟಲಿಯನ್ನು ಆರು ಗಂಟೆ ಬಿಸಿಲಿಗಿಡುವ ಉಪಾಯವೂ ಇದೆ, ಕೆಲಸವೂ ಮಾಡುತ್ತದೆ. ಆದರೆ ಜುಲೈ ತಿಂಗಳ ಮುಂಬೈಯಲ್ಲಿ ಆರು ಗಂಟೆ ಬಿಸಿಲು ಎಲ್ಲಿಂದ ತರುತ್ತೀರಿ?

ಡೀಸೆಲ್, ಎಣ್ಣೆ, ಕಾರ್ಖಾನೆಯ ಕೊಳೆ ಬೆರೆತ ನೀರಿಗೆ ಮಾತ್ರ ಇದ್ಯಾವುದೂ ಮದ್ದಲ್ಲ. ಕುದಿಸಿದರೂ ರಾಸಾಯನಿಕ ಹೋಗದು. ರಸ್ತೆಯಲ್ಲಿ ನಿಂತ ನೀರನ್ನು ಕುಡಿಯುವ ನೀರಾಗಿಸುವ ಪ್ರಯತ್ನವೇ ಬೇಡ. ಅದರಲ್ಲಿ ಇಲಿಯ ಮೂತ್ರದಿಂದ ಬರುವ ಲೆಪ್ಟೋಸ್ಪೈರೋಸಿಸ್ ಭಯ ಬೇರೆ. ಕಾಲಿನ ಗಾಯಕ್ಕೆ ತಾಗಿದರೂ ಸಾಕು.

ಒಂದು ಕೆಲಸ ಮನೆಯೊಳಗಿನದ್ದಲ್ಲ, ಸೊಸೈಟಿಯದ್ದು. ಕಾಂಪೌಂಡಿನಲ್ಲಿ ನೀರು ಏರಿ ನೆಲದಡಿಯ ಟ್ಯಾಂಕಿಯ ಮುಚ್ಚಳ ಮುಟ್ಟುತ್ತಿದ್ದಂತೆ ಪಂಪ್ ನಿಲ್ಲಿಸಬೇಕು. ಟೆರೇಸಿನಲ್ಲಿ ಆಗಲೇ ಇರುವ ನೀರು ಒಳ್ಳೆಯದು. ಆ ಹೊತ್ತಿನಲ್ಲಿ ಯಾರೋ ನೀರು ಕಡಿಮೆಯಾಯ್ತು ಅಂತ ಪಂಪ್ ಹಾಕಿದರೆ ಕೆಳಗಿನ ಕೊಳೆ ಮೇಲಕ್ಕೆ ಹೋಗಿ ಎರಡೂ ಟ್ಯಾಂಕಿ ಕೆಡುತ್ತವೆ. ಆಮೇಲೆ ಎರಡನ್ನೂ ಖಾಲಿ ಮಾಡಿ, ತಿಕ್ಕಿ, ಕ್ಲೋರಿನ್ ಹಾಕಿ ತೊಳೆಯುವ ತನಕ ಇಡೀ ಬಿಲ್ಡಿಂಗಿಗೆ ನೀರಿಲ್ಲ. ಹಾಗಾಗಿ ಪಂಪಿನ ಸ್ವಿಚ್ ಎಲ್ಲಿದೆ, ರೂಮಿನ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ರಾತ್ರಿ ಪಾಳಿಯ ವಾಚ್‌ಮನ್‌ಗೂ, ಪ್ರತಿ ಮಹಡಿಯ ಒಬ್ಬರಿಗಾದರೂ ಗೊತ್ತಿರಬೇಕು. ಆದರೆ ಸ್ವಿಚ್‌ಬೋರ್ಡಿಗೇ ನೀರು ತಾಗಿದ್ದರೆ ಯಾರೂ ಕೈ ಹಾಕಬಾರದು. ಕರೆಂಟ್ ಕಂಪನಿಗೆ ಫೋನ್ ಮಾಡಿ, ಪಾಲಿಕೆಯ ವಿಪತ್ತು ಸಹಾಯವಾಣಿ 1916ಕ್ಕೂ ತಿಳಿಸಿ. ಮುಂದಿನ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಶುರುವಾಗುವ ಮೊದಲೇ ಇದನ್ನು ಎತ್ತಿ. ಟ್ಯಾಂಕಿಯ ಬಾಯಿಗೆ ಎರಡು ಅಡಿ ಕಟ್ಟೆ ಕಟ್ಟಿಸಿ, ಬಿಗಿಯಾದ ಮುಚ್ಚಳ ಹಾಕಿಸಲು ದೊಡ್ಡ ಖರ್ಚೇನೂ ಇಲ್ಲ. ಮಳೆ ಬರುವ ಮೊದಲು ಗೌಂಡಿ ಸಿಗಬೇಕು, ಅಷ್ಟೆ.